ಹಿಂದಿನ ಸಾಲಿನ ಬಡಿತ

ಫೆಬ್ರವರಿ 4, ಮಂಗಳವಾರ

ಮತ್ತೆ ಕೊಳಲೇ ಗೆದ್ದಿದೆ. ಇಡೀ ಪಿಟೀಲು ಸೆಕ್ಷನ್ನನ್ನು ಒಂದೇ ಒಂದು ಕೊಳಲು ನುಂಗಿಹಾಕಿದೆ. ನಿಜವಾದ ಆರ್ಕೆಸ್ಟ್ರಾದಲ್ಲಿ ಹೀಗಾಗುವುದಿಲ್ಲ. ಕಂಪ್ಯೂಟರಿನ ಒಳಗಿರುವ ಆರ್ಕೆಸ್ಟ್ರಾಗೆ ಅದೆಲ್ಲ ಗೊತ್ತಿಲ್ಲ. ಎಲ್ಲೋ ದೂರದೇಶದ ಹಾಲ್‌ನಲ್ಲಿ ಒಬ್ಬೊಬ್ಬರನ್ನೇ ಮೈಕಿನ ಹತ್ತಿರ ಕೂರಿಸಿ, ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಹಾಗಾಗಿ ಎಲ್ಲರೂ ಮುಂದಿನ ಸಾಲಿನವರೇ. ಯಾರನ್ನು ಹಿಂದಕ್ಕೆ ಕಳಿಸಬೇಕು, ಯಾರನ್ನು ಮುಂದಕ್ಕೆ ಕರೆಯಬೇಕು—ಅದು ನನ್ನ ಕೆಲಸ.

ಮಂಡ್ಯದ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ಪಾರ್ಟಿ. ಅಂಥದ್ದರಲ್ಲೇ ಕೀಬೋರ್ಡ್ ನುಡಿಸಿ ಬೆಳೆದವಳು ನಾನು. ಅಲ್ಲಿ ಬ್ಯಾಲೆನ್ಸ್ ಅಂದರೆ ಹಾಡುವವರ ಮೈಕ್ ಜೋರು, ಅಷ್ಟೆ. ಮಿಕ್ಕದ್ದು ದೇವರಿಗೆ ಬಿಟ್ಟಿದ್ದು. ಈಗ ಕೂತು ಅರ್ಧ ಡೆಸಿಬೆಲ್ ಸದ್ದಿಗೆ ಒದ್ದಾಡುತ್ತೇನೆ.

ಟಿಂಪನಿಯನ್ನು ಎಲ್ಲರಿಗಿಂತ ಹಿಂದೆ ಹಾಕಿದೆ. ಕೊಪ್ಪರಿಗೆಯಂಥ ದೊಡ್ಡ ನಗಾರಿ ಅದು. ಇದೆ ಅಂತ ಗೊತ್ತಾಗಬಾರದು, ತೆಗೆದರೆ ಮಾತ್ರ ಏನೋ ಹೋಯಿತಲ್ಲ ಅನ್ನಿಸಬೇಕು. ಬರೀ ಫೇಡರ್ ಎಳೆದು ಸದ್ದು ಇಳಿಸಿದರೆ ಆಗದು. ಜೋರಾಗಿ ಬಡಿದದ್ದನ್ನು ಇಳಿಸಿದರೆ ಸಿಟ್ಟು ಹಾಗೇ ಉಳಿದಿರುತ್ತದೆ. ಮೆಲ್ಲಗೆ ಬಡಿದ ಸ್ಯಾಂಪಲ್ಲನ್ನೇ ಹುಡುಕಬೇಕು.

ವೀಣಾಳ ಫೋನು. ಮಳವಳ್ಳಿಯಲ್ಲಿ ಡ್ಯಾನ್ಸ್ ಸ್ಕೂಲ್ ನಡೆಸುವವಳು. ಮಾರ್ಚ್ ಎಂಟಕ್ಕೆ ಅವಳ ಮಕ್ಕಳ ನೃತ್ಯರೂಪಕ—ಶಿಂಷಾ ನದಿಯ ಮೇಲೆ. ಸಂಗೀತ ಪೂರ್ತಿ ನನ್ನದು.

"ಅಕ್ಕಾ, ಹುಡುಗೀರು ಬಾಯಲ್ಲೇ ತಾಳ ಹೇಳ್ಕೊಂಡು ಕುಣೀತಿದಾರೆ. ಅರ್ಧ ಮುಗಿದಿದ್ರೂ ಪರವಾಗಿಲ್ಲ, ಕಳ್ಸಿ."

ಅರ್ಧ ಕಳಿಸುವುದಿಲ್ಲ. ಕೊಳಲು ಇನ್ನೂ ಮೂತಿ ತೂರಿಸುತ್ತಿದೆ.

ಫೆಬ್ರವರಿ 7, ಶುಕ್ರವಾರ

ಪಕ್ಕದ ಮನೆ ಸೋಮಮ್ಮ ಜಗಳಕ್ಕೆ ಬಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದರು.

"ಏನವ್ವ ನಯನ, ಬೆಳಗ್ಗೆ ಎದ್ರೆ ಡಬ ಡಬ ಅಂತೀಯಲ್ಲ, ನಂಗೆ ತಲೆ ಸಿಡೀತದೆ ಕಣವ್ವ. ಅದೇನ್ ಮನೇಲಿ ತಮಟೆ ಬಡ್ಸ್ತಿದ್ದೀಯ?"

"ಕೆಲಸ ದೊಡ್ಡಮ್ಮ. ಇನ್ನು ಒಂದು ತಿಂಗಳು."

"ಒಂದ್ ತಿಂಗ್ಳಾ? ಅಷ್ಟ್ರಲ್ಲಿ ನನ್ ತಿಥಿನೇ ಮಾಡ್ಬೋದು ಬುಡು!"

ಅಂಗನವಾಡಿಯಲ್ಲಿ ಆಯಾ ಆಗಿದ್ದವರು. ರಿಟೈರಾದ ಮೇಲೂ ಇಡೀ ಬೀದಿಯೇ ಅವರ ಅಂಗನವಾಡಿ. ಕೊಪ್ಪದಲ್ಲಿ ಮಗಳು ಶೋಭಾರಾಣಿ ಇದ್ದಾಳೆ. ಬಾ ಅಂದರೂ ಹೋಗಿ ಇರುವುದಿಲ್ಲ, ಮನಸ್ಸು ಬಂದಾಗ ಹೇಳದೆ ಕೇಳದೆ ಬಸ್ಸು ಹತ್ತಿ ಎರಡು ದಿನ ಇದ್ದು ಬರುತ್ತಾರೆ.

ಮದ್ದೂರು ರೈಲ್ವೆ ಸ್ಟೇಷನ್ ಹಿಂದಿನ ಈ ಸಾಲಿನಲ್ಲಿ ಮೂರೇ ಮನೆ. ಮೂರೂ ದೊಡ್ಡಸಿದ್ದಯ್ಯನವರದು. ಈ ತುದಿಗೆ ನಾವು, ನಡುವೆ ಸೋಮಮ್ಮ, ಆ ತುದಿಯದು ಬೀಗ ಹಾಕಿದ್ದು—ನಾವು ಬಂದಾಗಿನಿಂದ ಹಾಗೇ ಇದೆ. ಮನೆಮನೆಗೆ ಒಂದೇ ಗೋಡೆ. ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತದೆ. ಅವರ ಸಿಟ್ಟು ನ್ಯಾಯವೇ. ಆದರೂ ಸಿಟ್ಟು ಬಂತು ನನಗೆ.

ಫೆಬ್ರವರಿ 12, ಬುಧವಾರ

ಇವರು ಅಟ್ಟದಿಂದ ಹಳೇ ಹತ್ತಿ ಹಾಸಿಗೆ ಇಳಿಸಿ ನನ್ನ ರೂಮಿನ ಗೋಡೆಗೆ ನಿಲ್ಲಿಸಿಕೊಟ್ಟು ಶಾಲೆಗೆ ಹೋದರು. ಯತೀಶ್ ಹಲಗೂರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಯಾವ ಸಮಸ್ಯೆಗೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ.

"ತಗಾ, ನಿನ್ ಸೋಮಮ್ಮಂಗೆ ಇನ್ನು ಕೇಳ್ಸಕಿಲ್ಲ. ನಿಂಗೂ ಅವ್ರ ಬೈಗುಳ ಕೇಳ್ಸಕಿಲ್ಲ."

ರೂಮಿನ ಸದ್ದು ಬದಲಾಗಿದೆ. ಕಾಲುಭಾಗ ಸತ್ತ ಹಾಗೆ. ಹಿತ್ತಾಳೆ ವಾದ್ಯಗಳನ್ನೆಲ್ಲ ಮತ್ತೆ ಕೂರಿಸಬೇಕಾಯಿತು. ಹಾರ್ನ್ ಇಳಿಸಿದೆ, ದೊಡ್ಡ ಪಿಟೀಲಿನಂಥ ಚೆಲ್ಲೋ ಒಂದು ಚೂರು ಏರಿಸಿದೆ. ಕೊಳಲು ಕೊನೆಗೂ ತನ್ನ ಜಾಗಕ್ಕೆ ಹೋಗಿ ಕೂತಿತು. ಕಣ್ಣು ಮುಚ್ಚಿ ಕೇಳಿದರೆ ಯಾರು ಎಲ್ಲಿ ಕೂತಿದ್ದಾರೆ ಅಂತ ಬೆರಳು ಮಾಡಿ ತೋರಿಸಬಹುದು. ಖುಷಿ.

ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ

ವೀಣಾ ಬಂದಿದ್ದಳು. ಮದ್ದೂರು ವಡೆ ಕಟ್ಟಿಸಿಕೊಂಡು ಬಂದು ಅರ್ಧ ಅವಳೇ ತಿಂದಳು. ಸಾಹಿತ್ಯ ಎಲ್ಲೆಲ್ಲಿ ಬರುತ್ತದೆ ಅಂತ ನನಗೆ ಗುರುತಿಗಿರಲಿ ಎಂದು ಅವಳ ಕೈಲೇ ಹಾಡಿಸಿ ರೆಕಾರ್ಡ್ ಮಾಡಿದೆ. ಫ್ಯಾನ್ ಆಫ್, ಕಿಟಕಿ ಮುಚ್ಚಿ. ರೈಲು ಹೋಗುವ ತನಕ ಕಾದು ಶುರು ಮಾಡಿದೆವು.

ಎರಡನೇ ಚರಣದಲ್ಲಿ ಗೋಡೆ ಬಡಿತ. ಡಬ್ ಡಬ್. ಹಾಸಿಗೆಯ ಹಿಂದಿನಿಂದ. ಸ್ವಲ್ಪ ಬಿಟ್ಟು ಮತ್ತೆ, ಡಬ್ ಡಬ್.

ವೀಣಾ ಚರಣ ಮುಗಿಸಿ ನಕ್ಕಳು. ಟೇಕ್ ಹಾಳಾಯಿತು.

"ಯಾರಕ್ಕ ಅದು?"

"ಪಕ್ಕದ ಮನೆಯವರು. ಸೌಂಡ್ ಕಮ್ಮಿ ಮಾಡು ಅಂತ."

"ನಾನು ಹಾಡಿದ್ದಕ್ಕೇ ಗೋಡೆ ಬಡೀತಾರಾ!"

ನನಗೆ ತಲೆ ಕೆಟ್ಟಿತು. ಸ್ಪೀಕರ್ ಕೂಡ ಹಾಕಿರಲಿಲ್ಲ ಇವತ್ತು. ಮನುಷ್ಯರು ಬಾಯಿ ತೆಗೆಯುವುದೂ ಬೇಡವೇ ಇವರಿಗೆ? ಹಾಸಿಗೆ ಪಕ್ಕಕ್ಕೆ ಸರಿಸಿ, ಸ್ಪೀಕರನ್ನು ಗೋಡೆಗೆ ತಿರುಗಿಸಿ, ಟಿಂಪನಿ ಒಂದನ್ನೇ ಫುಲ್ ಏರಿಸಿ ಎರಡು ಏಟು ಬಿಟ್ಟೆ. ಕಿಟಕಿ ಗಾಜು ನಡುಗಿತು.

ಆ ಕಡೆ ಗಪ್‌ಚಿಪ್.

ಗೆದ್ದೆ ಅಂದುಕೊಂಡೆ. ವೀಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮತ್ತೆ ಶುರುವಾಯಿತು ಆ ಕಡೆಯಿಂದ. ಹಾಸಿಗೆ ವಾಪಸ್ಸು ನಿಲ್ಲಿಸಿ ಹೆಡ್‌ಫೋನ್ ಹಾಕಿಕೊಂಡುಬಿಟ್ಟೆ.

ಫೆಬ್ರವರಿ 19, ಬುಧವಾರ

ಇಡೀ ದಿನ ಮಳವಳ್ಳಿ. ಬೆಳಗ್ಗೆ ಇವರು ಬೈಕಿನಲ್ಲಿ ಬಿಟ್ಟು ಹಾಗೇ ಹಲಗೂರಿಗೆ ಹೋದರು, ಸಾಯಂಕಾಲ ಬರುತ್ತಾ ಕರೆದುಕೊಂಡು ಬಂದರು. ಆದಷ್ಟನ್ನು ವೀಣಾಳ ಹಾಡಿನ ಸಮೇತ ಮೊದಲ ಕಾಪಿ ಮಾಡಿ ಕೊಟ್ಟೆ, ರಿಹರ್ಸಲ್ ಚೆನ್ನಾಗಾಯಿತು. ಹುಡುಗಿಯರು ನೀರಿನ ಹಾಗೇ ಓಡಾಡುತ್ತಾರೆ.

ಬೀದಿಯಲ್ಲಿ ಬೆಳಗ್ಗಿನಿಂದ ಕರೆಂಟು ತೆಗೆದಿದ್ದರಂತೆ. ಸೋಮಮ್ಮನ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಹಾಗೇ ಬಿದ್ದಿದೆ. ಕೊಪ್ಪಕ್ಕೆ ಹೋಗಿರಬೇಕು. ಸದ್ಯ, ನಾಳೆ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಫೆಬ್ರವರಿ 20, ಗುರುವಾರ. ಸಾಯಂಕಾಲ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ತಿಂಡಿ ಮುಗಿಸಿ ಕೂತೆ. ಪ್ರವಾಹದ ಭಾಗ. ಎಲ್ಲ ವಾದ್ಯವೂ ಒಟ್ಟಿಗೆ ಏಳುವ ಜಾಗ. ಟಿಂಪನಿಯಲ್ಲಿ ನಾನು ಬರೆಯದ ಏಟೊಂದು ಕೇಳುತ್ತಿತ್ತು. ಮೆಲ್ಲಗೆ, ತಾಳಕ್ಕೆ ಸೇರದ ಹಾಗೆ. ಟಿಂಪನಿ ಇಳಿಸಿದೆ, ಹೋಗಲಿಲ್ಲ. ಬೇಸ್ ಇಳಿಸಿದೆ. ಹಾರ್ನ್, ಚೆಲ್ಲೋ, ಪಿಟೀಲು—ಒಂದೊಂದೇ ಮ್ಯೂಟ್ ಮಾಡುತ್ತಾ ಬಂದೆ. ಕೊನೆಗೆ ಎಲ್ಲವೂ ಮ್ಯೂಟ್. ಪ್ಲೇ ನಿಲ್ಲಿಸಿದೆ. ಸ್ಕ್ರೀನಿನ ಮೇಲಿನ ಗೆರೆ ನಿಂತಿತು.

ಬಡಿತ ನಿಲ್ಲಲಿಲ್ಲ.

ಹಾಸಿಗೆ ಎಳೆದು ಗೋಡೆಗೆ ಕಿವಿ ಇಟ್ಟೆ. ಟಕ್... ಟಕ್. ಬೈಯುವ ಬಡಿತವಲ್ಲ ಅದು. ಕೈಯಲ್ಲಿ ಬಲವೇ ಇಲ್ಲ.

ಓಡಿದೆ. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಎರಡಾಗಿದ್ದವು. ಒಂದು ಉಬ್ಬಿ ನಿಂತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗವೇ ಇರಲಿಲ್ಲ. ನಿನ್ನೆಯೂ ಇರಲಿಲ್ಲ. ನಿನ್ನೆ ನೋಡಿದ್ದೆ, ನೋಡಿದ್ದು ತಲೆಗೆ ಹೋಗಲಿಲ್ಲ. ಕೂಗಿದೆ. ಎದುರುಮನೆ ಶಿವರಾಜು ಹಾರೆ ತಂದು ಚಿಲಕ ಮುರಿದರು.

ನಮ್ಮ ಗೋಡೆಯಿಂದ ಆ ಕಡೆ ಮನೆಯ ಗೋಡೆವರೆಗೂ ಹೋಗುವ ಕಿರಿದಾದ ಬಚ್ಚಲಲ್ಲಿ ಬಿದ್ದಿದ್ದರು. ಕಾಲು ತಿರುಚಿಕೊಂಡು, ಬಲಗೈ ಮೈಯಡಿ ಸಿಕ್ಕಿ. ಎಡಗೈಲಿ ಹಿತ್ತಾಳೆ ಚೊಂಬು. ಮಂಗಳವಾರ ಬೆಳಗ್ಗೆ ಸ್ನಾನಕ್ಕೆ ಹೋದವರು. ನಲ್ಲಿ ಕೈಗೆ ಎಟುಕುವಷ್ಟು ಹತ್ತಿರವಿತ್ತು, ಅದರಿಂದ ಬದುಕಿದರು. ಮಾತು ಹೊರಡುತ್ತಿರಲಿಲ್ಲ. ನನ್ನ ಮುಖ ನೋಡಿ ತುಟಿ ಅಲ್ಲಾಡಿಸಿದರು. ಬಗ್ಗಿ ಕೇಳಿದೆ.

"ಬಂದ್ಯಾ ಕಂದ."

ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದೆವು. ಶೋಭಾರಾಣಿ ಕೊಪ್ಪದಿಂದ ಸೀದಾ ಅಲ್ಲಿಗೆ ಬಂದಳು. ಬೀದಿಯವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಸದ್ಯ ನಿನಗೆ ಕೇಳಿಸಿತಲ್ಲ, ಜೀವ ಉಳಿಸಿದೆ ಅಂತ.

ಕೇಳಿಸಿತ್ತು. ಮಂಗಳವಾರವೇ ಕೇಳಿಸಿತ್ತು.

ಫೆಬ್ರವರಿ 23, ಭಾನುವಾರ

ಇವರ ಜೊತೆ ಮಂಡ್ಯದ ಆಸ್ಪತ್ರೆಗೆ ಹೋಗಿದ್ದೆ. ಸೊಂಟದ ಹತ್ತಿರ ಮೂಳೆಗೆ ರಾಡ್ ಹಾಕಿದ್ದಾರೆ, ಬಲಗೈಗೆ ಪಟ್ಟಿ. ಸೋಮಮ್ಮನಿಗೆ ಗಂಟಲು ವಾಪಸ್ಸು ಬಂದಿದೆ. ನರ್ಸನ್ನು ಬೈಯುತ್ತಿದ್ದರು. ಶೋಭಾರಾಣಿ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಅವಳು ಇವರನ್ನು ಕರೆದುಕೊಂಡು ಔಷಧಿ ತರಲು ಹೋದಳು. ನಾವಿಬ್ಬರೇ ಉಳಿದೆವು.

"ಮಂಗ್ಳಾರ ನೀ ಎಲ್ಡ್ ಏಟು ಬಡ್ದೆ ನೋಡು, ಆಗ್ಲೇ ನಂಗೆ ಜೀವ ಬಂದದ್ದು. ಸದ್ಯ, ಪಕ್ಕದ್ ಮನೆ ಎಣ್ಮಗ್ಳಿಗೆ ಕೇಳುಸ್ತು, ಇನ್ನೇನ್ ಬತ್ತಾಳೆ ಅಂತ."

ಸಿಟ್ಟಿಗೆ ಬಡಿದದ್ದು ಅಂತ ಹೇಳಬೇಕು. ನಾಲಗೆ ಮೇಲಕ್ಕೇ ಬಂತು. ಹೇಳಲಾಗಲಿಲ್ಲ.

"ಬುದ್ವಾರ್ವೆಲ್ಲ ಬಡ್ದೆ ಕಣವ್ವ. ಕತ್ಲು, ಕರೆಂಟಿಲ್ಲ. ನಾ ಬಡುದ್ರೆ ಒಸಿ ಒತ್ತು ಬುಟ್ಟು ಅತ್ಲಾಗಿಂದ್ಲೂ ಬಡ್ಯೋರು. ನಾ ಎಲ್ಡ್ ಸಲ ಬಡುದ್ರೆ ಎಲ್ಡ್ ಸಲ. ಅದೊಂದ್ ಇಲ್ದಿದ್ರೆ ಕಣ್ಮುಚ್ಬುಡ್ತಿದ್ದೆ. ಯಾರೋ ಅವ್ರೆ, ಯಾರೋ ಅವ್ರೆ ಅಂತ ಜೀವ ಇಡ್ಕಂಡಿದ್ದೆ."

ಕುರ್ಚಿ ಹತ್ತಿರ ಎಳೆದುಕೊಂಡೆ.

"ದೊಡ್ಡಮ್ಮ, ಬುಧವಾರ ನಾನು ಮನೇಲೇ ಇರ್ಲಿಲ್ಲ. ಮಳವಳ್ಳಿಗೆ ಹೋಗಿದ್ದೆ. ಇವ್ರೂ ಇರ್ಲಿಲ್ಲ."

ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ದಿಂಬಿನ ಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದರು, ಅಂಗನವಾಡಿಯ ಮಗುವನ್ನು ನೋಡುವ ಹಾಗೆ.

"ನೀನಲ್ಲ ಅಂತ ಗೊತ್ತು ಕಣವ್ವ. ನಿನ್ ಗೋಡೆ ಇತ್ಲಾಗೆ. ಉತ್ರ ಬಂದದ್ದು ಅತ್ಲಾಗಿಂದ. ಬಳೆ ಸದ್ದೂ ಬರೋದು ಜೊತೇಲಿ. ಗಾಜಿನ್ ಬಳೆ."

"ಆ ಮನೆಗೆ ಬೀಗ ಹಾಕಿದೆಯಲ್ಲ..."

"ಆಕಿದ್ರೆ ನಾನೇನ್ ಮಾಡ್ಲಿ? ಕೇಳುಸ್ತು, ಯೋಳ್ದೆ."

ವಾಪಸ್ಸು ಬರುವಾಗ ಇವರಿಗೆ ಹೇಳಿದೆ, ಬಳೆಯ ಮಾತೊಂದನ್ನು ಬಿಟ್ಟು. ಎರಡು ದಿನ ಅನ್ನ ಇಲ್ಲದೆ ಬಿದ್ದಿದ್ದವರಿಗೆ ಏನೇನೋ ಕೇಳಿಸುತ್ತದೆ ಅಂದರು. ಇರಬಹುದು.

ಫೆಬ್ರವರಿ 24, ಸೋಮವಾರ. ಬೆಳಗ್ಗೆ 11

ಕೆಲಸ ಮಾಡಲೇಬೇಕು. ಇನ್ನು ಎರಡು ವಾರವೂ ಇಲ್ಲ. ಮಂಗಳವಾರದ ವೀಣಾಳ ಹಾಡು ತೆಗೆದೆ. ಸೋಮಮ್ಮನ ಬಡಿತ ಬಿದ್ದಿರುವ ಜಾಗ ಕತ್ತರಿಸೋಣ ಅಂತ.

ಆರ್ಕೆಸ್ಟ್ರಾ ಪೂರ್ತಿ ಮ್ಯೂಟ್ ಮಾಡಿ ಹಾಡಿನ ಟ್ರ್ಯಾಕ್ ಒಂದನ್ನೇ ಏರಿಸಿದೆ. ವೀಣಾಳ ಉಸಿರು. ಕುರ್ಚಿಯ ಕಿರ್ರ್. ಡಬ್ ಡಬ್—ಅದು ಸೋಮಮ್ಮ. ಕತ್ತರಿಸಲು ಕೈ ಹೋಯಿತು, ನಿಂತಿತು. ಅದರ ಹಿಂದೆ ಇನ್ನೇನೋ ಇತ್ತು. ಇನ್ನೂ ಏರಿಸಿದೆ. ಮೈಕಿನ ಗುಯ್ ಅನ್ನುವ ಸದ್ದೂ ಏರಿತು. ಅದರೊಳಗೆ, ಎಷ್ಟೋ ಹಿಂದಿನ ಸಾಲಿನಲ್ಲಿ ಕೂತವರು ನುಡಿಸಿದ ಹಾಗೆ, ಡಬ್ ಡಬ್. ಆಮೇಲೆ ಚೂರೇ ಚೂರು ಕಿಣಿ.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದೆ. ಹೊರಗೆ ಬಿಸಿಲಿತ್ತು. ಅಂಗಳದಲ್ಲಿ ಕೂತೆ. ತರಕಾರಿ ಗಾಡಿಯವನು ಬಂದ. ಬೇಡದಿದ್ದರೂ ಬದನೆಕಾಯಿ ತೆಗೆದುಕೊಂಡೆ, ಯಾರಾದರೂ ಮಾತಾಡಲಿ ಅಂತ.

ಸಾಯಂಕಾಲ

ಇವರಿಗೆ ಕೇಳಿಸಿದೆ. ಏನೂ ಹೇಳದೆ ಹೆಡ್‌ಫೋನ್ ಕೊಟ್ಟೆ. ಮೊದಲನೇ ಸಲ ಕೇಳಿಸಲಿಲ್ಲ. ಎರಡನೇ ಸಲ ಹುಬ್ಬು ಗಂಟಾಯಿತು.

"ಬಳೆ ಅಲ್ವೇನೆ ಅದು?"

"ನಾನು ಹೇಳಲಿಲ್ಲ. ನೀವೇ ಹೇಳಿದ್ದು."

"ವೀಣಂದು ಇರ್ಬೇಕು."

ವೀಣಾ ಬಳೆ ಹಾಕುವುದಿಲ್ಲ. ಎಡಗೈಗೆ ವಾಚು, ಬಲಗೈ ಖಾಲಿ. ನನ್ನ ಎರಡು ಕೈಯನ್ನೂ ಎತ್ತಿ ತೋರಿಸಿದೆ—ಕೀಬೋರ್ಡಿಗೆ ಅಡ್ಡ ಅಂತ ನಾನು ಬಳೆ ಬಿಟ್ಟು ವರ್ಷಗಳಾದವು. ಇವರು ಮೂರನೇ ಸಲ ಕೇಳಿದರು. ಉತ್ತರವಿಲ್ಲದ ಮೇಷ್ಟ್ರನ್ನು ಇವತ್ತೇ ಮೊದಲು ನೋಡಿದ್ದು.

ಫೆಬ್ರವರಿ 28, ಶುಕ್ರವಾರ

ಶಿವರಾತ್ರಿ ಕಳೆಯಲಿ ಅಂದಿದ್ದರು ದೊಡ್ಡಸಿದ್ದಯ್ಯ. ಇವತ್ತು ಸಾಯಂಕಾಲ, ಇವರು ಶಾಲೆಯಿಂದ ಬಂದ ಮೇಲೆ, ಬೀಗದಕೈ ತಂದರು. ಆ ಮನೆಯಲ್ಲಿ ಯಾರೋ ಸೇರಿಕೊಂಡಿರಬಹುದು ಅಂತಷ್ಟೇ ಹೇಳಿದ್ದೆ.

"ಯಾರ್ ಸೇರ್ಕಂಡಾರು ಕಣಮ್ಮ. ಬೀಗ ನೋಡು, ಯೆಂಗ್ ತುಕ್ಕ್ ಇಡ್ದದೆ."

ಸೀಮೆಎಣ್ಣೆ ಬಿಟ್ಟು, ಬಡಿದು, ತೆಗೆಯುವ ಹೊತ್ತಿಗೆ ಅವರು ಬೆವೆತುಹೋದರು. ಒಳಗೆ ನಾಲ್ಕು ಗಟ್ಟಿಯಾದ ಸಿಮೆಂಟ್ ಮೂಟೆ, ಮುರಿದ ಕುರ್ಚಿ. ನೆಲದ ತುಂಬ ಧೂಳು, ರಾಗಿಹಿಟ್ಟು ಜರಡಿ ಹಿಡಿದ ಹಾಗೆ ಸಮವಾಗಿ. ಒಂದು ಹೆಜ್ಜೆ ಗುರುತಿಲ್ಲ. ನಾವು ಮೂವರು ನಡೆದದ್ದಷ್ಟೇ ಗುರುತು. ಇವರು ನನ್ನ ಕಡೆ ನೋಡಿ, ಆಯ್ತಾ, ಅನ್ನುವ ಹಾಗೆ ಕಣ್ಣಲ್ಲೇ ಕೇಳಿದರು.

ನಾನು ಬಚ್ಚಲಿಗೆ ಹೋದೆ. ಅದರ ಗೋಡೆಯಾಚೆಗೇ ಸೋಮಮ್ಮನ ಬಚ್ಚಲು. ನೆಲದಲ್ಲಿ ಕೂತವರ ಭುಜದೆತ್ತರದಲ್ಲಿ, ಗೋಡೆಯ ಸುಣ್ಣ ಅಂಗೈಯಗಲ ಉದುರಿತ್ತು. ಉದುರಿದ ಬಿಳಿ ಪುಡಿ ಕೆಳಗೆ ಬಿದ್ದಿತ್ತು. ಧೂಳಿನ ಮೇಲೆ ಬಿದ್ದಿತ್ತು. ಅದರ ಮೇಲೆ ಧೂಳು ಇನ್ನೂ ಕೂತಿರಲಿಲ್ಲ.

"ತ್ಯಾವ ಕಣಮ್ಮ," ಅಂದರು ದೊಡ್ಡಸಿದ್ದಯ್ಯ ಹಿಂದಿನಿಂದ. "ಗೋಡೆ ಸೀತ ಇಡುದ್ರೆ ಉದುರ್ತದೆ."

"ಇಲ್ಲಿ ಮೊದಲು ಯಾರಿದ್ರು?"

"ಯಾರೂ ಇಲ್ಲ. ಕಟ್ಸುದಾಗ್ಲಿಂದ್ಲೂ ಈ ಮನೆಗೆ ಯಾರೂ ಬಂದೇ ಇಲ್ಲ. ನೋಡ್ಕಂಡ್ ಓಯ್ತಾರೆ, ಮತ್ತೆ ಬರಕಿಲ್ಲ. ಯಾಕೋ ಏನೋ."

ಹೊರಗೆ ಬಂದು ಬೇಗ ಬೇಗ ಬೀಗ ಹಾಕಿದರು. ಕಾಫಿ ಕುಡಿಯದೆ ಹೋದರು.

ಯಾರಾದರೂ ಸತ್ತಿದ್ದರು ಅಂದಿದ್ದರೆ ಒಂದು ಥರ ಸಮಾಧಾನವಾಗುತ್ತಿತ್ತೋ ಏನೋ.

ಮಾರ್ಚ್ 3, ಸೋಮವಾರ

ವೀಣಾಳ ಹಾಡಿನಿಂದ ಎರಡು ಬಡಿತವನ್ನೂ ತೆಗೆದು ಹೊಸ ಮಿಕ್ಸ್ ಕಳಿಸಿದ್ದೆ. ತನ್ನ ಧ್ವನಿಯನ್ನೇ ಇಟ್ಟುಬಿಡಿ ಅಂದಿದ್ದಳು. ಮೊದಲ ಕಾಪಿ ಕೇಳಿ ಅಭ್ಯಾಸ ಮಾಡಿದ್ದ ಹುಡುಗಿಯರು ಎರಡನೇ ಚರಣದಲ್ಲಿ ತಪ್ಪುತ್ತಿದ್ದಾರಂತೆ.

"ಏನೋ ತೆಗೆದ್ರಿ ಅಕ್ಕ ನೀವು. ಮೊದಲು ಅಲ್ಲಿ ಯಾರೋ ಜೊತೆಗಿದ್ದ ಹಾಗಿತ್ತು. ಈಗ ಖಾಲಿ ಖಾಲಿ."

"ಏನಿತ್ತು ಅಲ್ಲಿ?"

"ಗೊತ್ತಿಲ್ಲ. ಆದ್ರೆ ಅದು ಬೇಕು."

ಚೆಲ್ಲೋ ಏರಿಸಿ ನೋಡಿದೆ. ಹಾರ್ನ್ ಸೇರಿಸಿದೆ. ಹಾಲ್ ದೊಡ್ಡದೆನ್ನಿಸಲಿ ಅಂತ ಪ್ರತಿಧ್ವನಿ ಏರಿಸಿದೆ. ತೂತು ಮುಚ್ಚಲಿಲ್ಲ. ಯಾರೋ ಎದ್ದು ಹೋದ ಕುರ್ಚಿಯ ಹಾಗೆ ಆ ಜಾಗ ಕೇಳುತ್ತದೆ. ಟಿಂಪನಿ ಸುಮ್ಮನಿರುವ ಜಾಗವೇ ಅದು. ನಾನೇ ಬಿಟ್ಟಿದ್ದ ಜಾಗ.

ತೆಗೆದದ್ದನ್ನು ವಾಪಸ್ಸು ಹಾಕಿದೆ. ಎಲ್ಲರಿಗಿಂತ ಹಿಂದೆ, ಎಷ್ಟು ಕಮ್ಮಿ ಸಾಧ್ಯವೋ ಅಷ್ಟು ಕಮ್ಮಿ. ಪ್ಲೇ ಒತ್ತಿದೆ.

ಬ್ಯಾಲೆನ್ಸ್ ಕೂತಿತು. ಇಷ್ಟು ಚೆನ್ನಾಗಿ ಯಾವತ್ತೂ ಕೂತಿರಲಿಲ್ಲ.

ಮಾರ್ಚ್ 9, ಭಾನುವಾರ

ನಿನ್ನೆ ಮಳವಳ್ಳಿಯಲ್ಲಿ ಕಾರ್ಯಕ್ರಮ. ಹಾಲ್ ತುಂಬಿತ್ತು. ಮಕ್ಕಳು ಕುಣಿದದ್ದು ನೋಡಿ ಎಲ್ಲರ ಹಾಗೆ ನನಗೂ ಕಣ್ಣಲ್ಲಿ ನೀರು. ವೀಣಾ ಸ್ಟೇಜಿಗೆ ಕರೆದು ಶಾಲು ಹೊದಿಸಿದಳು.

ಇಷ್ಟೇ ಬರೆದು ನಿಲ್ಲಿಸಬಹುದು.

ನಾನು ಹಿಂದೆ, ಸೌಂಡಿನವರ ಪಕ್ಕ ನಿಂತಿದ್ದೆ. ಎರಡನೇ ಚರಣ ಬಂತು. ಸೋಮಮ್ಮನ ಬಡಿತ ಬಂದು ಹೋಯಿತು, ಯಾರೂ ಅಲ್ಲಾಡಲಿಲ್ಲ. ಅದರ ಹಿಂದಿನದು ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು, ಒಬ್ಬರಾದ ಮೇಲೆ ಒಬ್ಬರು, ಸ್ಟೇಜ್ ಬಿಟ್ಟು ಎಡಗಡೆ ಗೋಡೆಗೆ ತಿರುಗಿದರು. ಸ್ಪೀಕರ್ ಇದ್ದದ್ದು ಸ್ಟೇಜಿನ ಎರಡು ಪಕ್ಕಕ್ಕೆ. ಆ ಗೋಡೆಯಲ್ಲಿ ಏನೂ ಇರಲಿಲ್ಲ. ವಯಸ್ಸಾದವರೊಬ್ಬರು ಎದ್ದು ಹೋಗಿ ಪಕ್ಕದ ಬಾಗಿಲು ತೆಗೆದು ನೋಡಿದರು. ಹೊರಗೆ ಚಪ್ಪಲಿಗಳು, ಬಿಸಿಲು. ಬಾಗಿಲು ಮುಚ್ಚದೆ, ಒಂದು ಕುರ್ಚಿ ಅಡ್ಡ ಇಟ್ಟು, ಯಾರೋ ಬರುವವರಿದ್ದಾರೆ ಅನ್ನುವ ಹಾಗೆ ತೆರೆದೇ ಬಿಟ್ಟು ಬಂದು ಕೂತರು.

ಆ ಫೈಲನ್ನು ಇನ್ನು ತೆರೆಯುವುದಿಲ್ಲ.

ಏಪ್ರಿಲ್ 20, ಭಾನುವಾರ

ಇಷ್ಟು ದಿನ ಏನೂ ಬರೆದಿಲ್ಲ. ಕೆಲಸವೂ ಮಾಡಿಲ್ಲ. ಯುಗಾದಿ ಬಂದು ಹೋಯಿತು. ನನ್ನ ಕಂಪ್ಯೂಟರನ್ನು ಮುಂದಿನ ರೂಮಿಗೆ ಹಾಕಿಕೊಟ್ಟಿದ್ದಾರೆ ಇವರು. ಕೇಳದೆಯೇ.

ಸೋಮಮ್ಮ ನಿನ್ನೆ ಕೊಪ್ಪದಿಂದ ವಾಪಸ್ಸು ಬಂದರು. ಮಗಳ ಮನೆಯಲ್ಲಿ ಇನ್ನೂ ಎರಡು ತಿಂಗಳು ಇರು ಅಂದರೂ ಕೇಳಿಲ್ಲ. ಶೋಭಾರಾಣಿಯೇ ಜೊತೆಗೆ ಬಂದು ಇದ್ದಾಳೆ. ವಾಕರ್ ಹಿಡಿದು ಓಡಾಡುತ್ತಾರೆ. ಬಂದವರೇ ಬೀದಿಯ ಕಸದ ಗಾಡಿಯವನನ್ನು ಬೈದರು. ಆ ಧ್ವನಿ ಕೇಳಿ ಎಷ್ಟು ಖುಷಿಯಾಯಿತು ಅಂದರೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಇವತ್ತು ಬೆಳಗ್ಗೆ ಹೋದೆ. ಶೋಭಾರಾಣಿ ಪೇಟೆಗೆ ಹೋಗಿದ್ದಳು. ಮಂಗಳವಾರದ ಆ ಎರಡು ಏಟಿನ ವಿಷಯ ಹೇಳಿದೆ. ಸಿಟ್ಟಿಗೆ ಬಡಿದದ್ದು, ವೀಣಾ ನಕ್ಕದ್ದು, ಹೆಡ್‌ಫೋನ್ ಹಾಕಿಕೊಂಡದ್ದು. ಅವರು ಎಲೆ ಅಡಿಕೆ ಅಗಿಯುತ್ತಾ ಕೇಳಿದರು.

"ಅದುನ್ನ ನಾ ಆಗ್ಲೇ ಅಂದ್ಕಂಡಿದ್ದೆ ಬುಡು. ನಿನ್ ಏಟಲ್ಲಿ ಕ್ವಾಪ ಇತ್ತು. ಆದ್ರೂ ಬಂದೆಲ್ಲ. ಅಷ್ಟ್ ಸಾಕು." ಬಾಯಿ ಒರೆಸಿಕೊಂಡರು. "ಬಂದಿದ್ದೀಯ, ನಂದೊಂದ್ ಕೆಲ್ಸ ಮಾಡ್ಕೊಡು."

ದೇವರ ಗೂಡಿನಿಂದ ತಟ್ಟೆ ತರಲು ಹೇಳಿದರು. ಅರಿಶಿನ, ಕುಂಕುಮ, ಒಂದು ಮೊಳ ಕನಕಾಂಬರ, ಹಸಿರು ಗಾಜಿನ ಬಳೆ. ಕೊಪ್ಪದಿಂದಲೇ ತಂದಿದ್ದಾರೆ. ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳದಿದ್ದರೂ ಹೇಳಿದರು.

"ಎಲ್ಡ್ ದಿನ ಬುಡ್ದಂಗೆ ನನ್ ಜೊತೇಲಿ ಕೂತಿದ್ಲಲ್ಲ. ಒಂದ್ ಮಾತಾದ್ರೂ ಯೋಳ್ಬೇಡ್ವಾ?"

"ದೊಡ್ಡಮ್ಮ, ಆ ಮನೆ ತೆಗೆಸಿ ನೋಡಿದ್ವಿ. ಯಾರೂ ಇಲ್ಲ."

"ನೀ ಕಣ್ಣಲ್ ನೋಡ್ದೆ. ನಾ ಕಣ್ಣಲ್ ನೋಡ್ನಿಲ್ಲ. ಬಾ."

ಬಚ್ಚಲಿಗೆ ಕರೆದುಕೊಂಡು ಹೋದರು. ಒಂದು ಕೈ ವಾಕರಿನ ಮೇಲೆ, ಒಂದು ಕೈ ನನ್ನ ಭುಜದ ಮೇಲೆ. ಬಿದ್ದ ಜಾಗ ದಾಟುವಾಗ ನಿಲ್ಲಲೂ ಇಲ್ಲ. ಆ ಕಡೆಯ ಗೋಡೆ ಬುಡದಲ್ಲಿ, ನೀರು ಬೀಳದ ಕಡೆ ಮಣೆ ಹಾಕಿಸಿ ತಟ್ಟೆ ಇಡಿಸಿದರು. ಗವಾಕ್ಷಿಯಿಂದ ಬಿಸಿಲು ತಟ್ಟೆಯ ಮೇಲೇ ಬೀಳುತ್ತಿತ್ತು.

"ಬಡಿ. ನನ್ ಕೈಲಿ ಇನ್ನೂ ಬಲ ಬಂದಿಲ್ಲ."

"ಬೇಡ ದೊಡ್ಡಮ್ಮ."

"ಕ್ವಾಪುಕ್ಕೆ ಬಡ್ಯಕೆ ಬತ್ತದೆ, ಇದುಕ್ಕೆ ಬರಕಿಲ್ವಾ? ಬಡಿ ಅಂದ್ರೆ."

ಬಡಿದೆ. ಮೆಲ್ಲಗೆ, ಬೆರಳ ಗೆಣ್ಣಿನಿಂದ, ಎರಡು ಸಲ.

ಏನಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು. ಎದೆ ಹಗುರಾಯಿತು.

"ನೋಡಿ, ಯಾರೂ ಇಲ್ಲ. ಬನ್ನಿ ಹೋಗೋಣ."

"ತಾಳವ್ವ, ಅದ್ಯಾಕ್ ಅಂಗೆ ಅವ್ಸರ ಮಾಡ್ತೀಯ. ಅವ್ಳು ಒಸಿ ತಡ ಮಾಡೇ ಬಡ್ಯದು."

ಸೋಮಮ್ಮ ವಾಕರಿನ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದರು. ಮುಖ ಶಾಂತವಾಗಿತ್ತು, ನೆಂಟರ ಮನೆ ಜಗಲಿಯಲ್ಲಿ ಕೂತವರ ಹಾಗೆ. ನಾನೂ ನಿಂತೆ. ನನ್ನ ಕೈ ಇನ್ನೂ ಗೋಡೆಯ ಮೇಲೇ ಇತ್ತು, ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಹೊಳೆಯಲಿಲ್ಲ. ಗೋಡೆ ತಣ್ಣಗಿತ್ತು. ನಲ್ಲಿಯ ಹನಿ ಕೂಡ ನಿಂತ ಹಾಗಾಯಿತು. ಆಮೇಲೆ ಅಂಗೈಗೆ—ಕಿವಿಗಲ್ಲ, ಅಂಗೈಗೆ—ಆ ಕಡೆಯಿಂದ ಎರಡು ಮೆಲ್ಲನೆಯ ಏಟು ತಾಗಿತು.